ಸ್ಟೆಲ್ತ್ ವಿಮಾನ: ಕಾಣದ್ದೆಷ್ಟು, ಕಾಣುವುದೆಷ್ಟು?

2025ರ ಫೆಬ್ರವರಿಯಲ್ಲಿ ಯಲಹಂಕದ ವಾಯುನೆಲೆಯಲ್ಲಿ ನಡೆದ ವೈಮಾನಿಕ ಪ್ರದರ್ಶನಕ್ಕೆ ಅಮೆರಿಕದ ಎಫ್-35 ಮತ್ತು ರಷ್ಯದ ಸು-57 ಎರಡೂ ಬಂದಿದ್ದವು. ನಿಮ್ಮಲ್ಲಿ ಕೆಲವರು ಅವನ್ನು ಕಣ್ಣಾರೆ ಕಂಡಿರಬಹುದು, ಉಳಿದವರು ಪತ್ರಿಕೆಗಳಲ್ಲಿ ಓದಿರುತ್ತೀರಿ. ‘ರೇಡಾರಿಗೆ ಕಾಣದ ಅದೃಶ್ಯ ವಿಮಾನ’ ಎಂಬ ವಿಶೇಷಣ ಆಗ ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಆ ವಾರ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು, “ಸರ್, ರೇಡಾರಿಗೇ ಕಾಣದಿದ್ದರೆ ಅದನ್ನು ಯಲಹಂಕದಲ್ಲಿ ಇಳಿಸಿದ್ದಾದರೂ ಹೇಗೆ?” ಎಂದು ಕೇಳಿದ. ಉಳಿದವರೆಲ್ಲ ನಕ್ಕರು. ನನಗೆ ಮಾತ್ರ ಆ ವರ್ಷ ತರಗತಿಯಲ್ಲಿ ಕೇಳಿದ ಒಳ್ಳೆಯ ಪ್ರಶ್ನೆಗಳಲ್ಲಿ ಅದೂ ಒಂದು ಎನಿಸಿತು.

ನಾಲ್ಕು ತಿಂಗಳ ನಂತರ, ಜೂನ್ 14ರಂದು, ಬ್ರಿಟನ್ನಿನ ಎಫ್-35ಬಿ ವಿಮಾನವೊಂದು ತಿರುವನಂತಪುರದಲ್ಲಿ ತುರ್ತಾಗಿ ಇಳಿಯಿತು. ಆಮೇಲೆ ಅದರಲ್ಲಿ ತಾಂತ್ರಿಕ ದೋಷವೂ ಕಂಡುಬಂದು ಜುಲೈ 22ರವರೆಗೆ ಅಲ್ಲೇ ಉಳಿಯಿತು. ನಮ್ಮ ವಾಯುಪಡೆಯ ಜಾಲ ಅದನ್ನು ಪತ್ತೆಹಚ್ಚಿ ಗುರುತಿಸಿತ್ತು ಎಂಬ ಸುದ್ದಿ ಬಂದದ್ದೇ ತಡ, ಮಾತಿನ ಧಾಟಿ ತಲೆಕೆಳಗಾಯಿತು: ‘ಸ್ಟೆಲ್ತ್ ಎಂಬುದೆಲ್ಲ ಬುರುಡೆ, ನಮ್ಮ ರೇಡಾರಿಗೆ ಅದು ಸಲೀಸಾಗಿ ಕಂಡಿದೆ’. ಫೆಬ್ರವರಿಯಲ್ಲಿ ಮಾಯಾವಿಮಾನವಾಗಿದ್ದದ್ದು ಜೂನ್‌ನಲ್ಲಿ ಮೋಸವಾಯಿತು. ಈ ಎರಡು ಮಾತುಗಳೂ ಒಂದೇ ಬಗೆಯ ತಪ್ಪಿನಿಂದ ಹುಟ್ಟಿದವು ಎಂಬುದು ನನ್ನ ವಾದ. ಯಾವ ತರಂಗಾಂತರಕ್ಕೆ, ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಎಂದು ಕೇಳದೆ ‘ಕಾಣುತ್ತದೆ’ ‘ಕಾಣುವುದಿಲ್ಲ’ ಎನ್ನುವುದಕ್ಕೆ ಭೌತವಿಜ್ಞಾನದಲ್ಲಿ ಅರ್ಥವೇ ಇಲ್ಲ.

ಮೊದಲು ಆ ವಿದ್ಯಾರ್ಥಿಯ ಪ್ರಶ್ನೆಗೆ ಉತ್ತರ ಹೇಳಿಬಿಡೋಣ. ಇಳಿಯಲು ಬರುವ ವಿಮಾನ ತನ್ನನ್ನು ಬಚ್ಚಿಟ್ಟುಕೊಳ್ಳಬೇಕಾಗಿಲ್ಲ. ಅದು ರೇಡಿಯೊದಲ್ಲಿ ಮಾತಾಡುತ್ತದೆ. ‘ನಾನು ಇಂಥವನು, ಇಂಥ ಎತ್ತರದಲ್ಲಿದ್ದೇನೆ’ ಎಂದು ಅದರ ಟ್ರಾನ್ಸ್‌ಪಾಂಡರ್ ತಾನಾಗಿಯೇ ಉತ್ತರಿಸುತ್ತದೆ. ಸಾಲದೆಂಬಂತೆ, ಶಾಂತಿಕಾಲದ ಹಾರಾಟಗಳಲ್ಲಿ ಇಂಥ ವಿಮಾನಗಳ ಮೈಗೆ ಸಾಮಾನ್ಯವಾಗಿ ಲೂನೆಬರ್ಗ್ ಮಸೂರಗಳೆಂಬ ಪುಟ್ಟ ಪ್ರತಿಫಲಕಗಳನ್ನು ಜೋಡಿಸಿರುತ್ತಾರೆ. ಗಣಿತಜ್ಞ ರುಡಾಲ್ಫ್ ಲೂನೆಬರ್ಗ್ 1944ರಲ್ಲಿ ಸೂಚಿಸಿದ ಈ ಗೋಳದ ವಕ್ರೀಭವನಾಂಕ ಕೇಂದ್ರದಿಂದ ಹೊರಮೈಗೆ ಬರುತ್ತ ಕ್ರಮವಾಗಿ ತಗ್ಗುತ್ತದೆ. ಅದರೊಳಗೆ ಹೊಕ್ಕ ಅಲೆ ಹಿಂಬದಿಯಲ್ಲಿ ಒಂದು ಬಿಂದುವಿಗೆ ಕೂಡಿಕೊಂಡು, ಅಲ್ಲಿನ ಲೋಹದ ಲೇಪದಿಂದ ಪುಟಿದು, ಬಂದ ದಾರಿಯಲ್ಲೇ ಮರಳುತ್ತದೆ. ವಾಯುಸಂಚಾರ ನಿಯಂತ್ರಕರಿಗೆ ವಿಮಾನ ಚೆನ್ನಾಗಿ ಕಾಣಲಿ ಎಂಬುದು ಒಂದು ಉದ್ದೇಶ. ಅದರ ನಿಜವಾದ ಪ್ರತಿಧ್ವನಿ ಎಷ್ಟೆಂದು ಸುತ್ತಲಿನ ದೇಶಗಳ ರೇಡಾರ್‌ಗಳು ಅಳೆಯದಿರಲಿ ಎಂಬುದು ಇನ್ನೊಂದು. ಹೀಗಾಗಿ ತಿರುವನಂತಪುರದ ಪ್ರಸಂಗದಿಂದ ಸ್ಟೆಲ್ತ್‌ನ ಸಾಮರ್ಥ್ಯದ ಬಗ್ಗೆ ಪರವಾಗಿ ಆಗಲಿ ವಿರುದ್ಧವಾಗಿ ಆಗಲಿ ಏನೂ ತಿಳಿಯುವುದಿಲ್ಲ.

ನಾಲ್ಕನೆಯ ಘಾತ

ಇನ್ನು ವಿಷಯಕ್ಕೆ ಬರೋಣ. ರೇಡಾರ್ ಕಳಿಸಿದ ಅಲೆ ಹೋಗುತ್ತ ಹೋಗುತ್ತ ಹರಡಿಕೊಳ್ಳುತ್ತದೆ. ಅದರ ತೀವ್ರತೆ ದೂರದ ವರ್ಗಕ್ಕೆ ವಿಲೋಮವಾಗಿ ಕುಗ್ಗುತ್ತದೆ. ವಿಮಾನಕ್ಕೆ ತಾಗಿ ಚದರಿದ ಅಲೆ ಮರಳುವಾಗ ಮತ್ತೊಮ್ಮೆ ಅದೇ ರೀತಿ ಕುಗ್ಗುತ್ತದೆ. ಎರಡನ್ನೂ ಗುಣಿಸಿದರೆ ಪ್ರತಿಧ್ವನಿಯ ಬಲ ದೂರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿ ಇಳಿಯುತ್ತದೆ. ಇದನ್ನು ತಿರುಗಿಸಿ ಓದಿ: ವಿಮಾನ ಎಷ್ಟು ದೂರದಲ್ಲಿ ಪತ್ತೆಯಾಗುತ್ತದೆ ಎಂಬುದು ಅದರ ಪ್ರತಿಧ್ವನಿಸುವ ಗುಣದ ವರ್ಗಮೂಲದ ವರ್ಗಮೂಲವನ್ನು ಅವಲಂಬಿಸಿದೆ. ಆ ಗುಣವನ್ನು ‘ರೇಡಾರ್ ಅಡ್ಡಕೊಯ್ತ’ ಎಂದು ಕರೆಯುತ್ತಾರೆ, ಚದರ ಮೀಟರ್‌ಗಳಲ್ಲಿ ಅಳೆಯುತ್ತಾರೆ.

ಜಾಹೀರಾತುಗಳಲ್ಲಿ ಬರುವ ಅಂಕಿಗಳು ಈ ಮೂಲದೊಳಗೆ ಹೊಕ್ಕು ಹೊರಬಂದಾಗ ಬಹಳ ಬಡಕಲಾಗಿರುತ್ತವೆ. ಅಡ್ಡಕೊಯ್ತವನ್ನು 16ನೇ ಒಂದು ಪಾಲಿಗೆ ಇಳಿಸಿದರೆ ಪತ್ತೆಯ ದೂರ ಅರ್ಧವಾಗುತ್ತದೆ, ಅಷ್ಟೆ. ಸಾವಿರ ಪಟ್ಟು ಕಡಿಮೆ ಮಾಡಿದರೆ ದೂರ 5.6 ಪಟ್ಟು ಇಳಿಯುತ್ತದೆ. ಒಂದು ಚದರ ಮೀಟರ್ ಅಡ್ಡಕೊಯ್ತದ ಸಾಮಾನ್ಯ ಯುದ್ಧವಿಮಾನವನ್ನು 160 ಕಿ.ಮೀ. ದೂರದಲ್ಲಿ ಕಾಣಬಲ್ಲ ರೇಡಾರ್ ಇದೆ ಎಂದುಕೊಳ್ಳಿ. ಹತ್ತು ಸಾವಿರ ಪಟ್ಟು ಕಡಿಮೆ ಅಡ್ಡಕೊಯ್ತದ ವಿಮಾನವನ್ನೂ ಅದೇ ರೇಡಾರ್ ಕಾಣುತ್ತದೆ, ಆದರೆ 16 ಕಿ.ಮೀ. ದೂರಕ್ಕೆ ಬಂದ ಮೇಲೆ.

ಹಾಗಾದರೆ ಇಷ್ಟೇನಾ ಎಂದು ನೀವು ಮೂಗು ಮುರಿಯಬಹುದು. ಅಲ್ಲಿಯೂ ತಡೆಯಿರಿ. ಯುದ್ಧದಲ್ಲಿ ದೂರಕ್ಕಿಂತ ಮುಖ್ಯವಾದದ್ದು ಸಮಯ. ಗಂಟೆಗೆ 900 ಕಿ.ಮೀ., ಅಂದರೆ ಸೆಕೆಂಡಿಗೆ 250 ಮೀಟರ್ ವೇಗದಲ್ಲಿ ಬರುವ ವಿಮಾನ 160 ಕಿ.ಮೀ. ದಾಟಲು ಹತ್ತು ನಿಮಿಷಕ್ಕೂ ಮಿಕ್ಕಿ ತೆಗೆದುಕೊಳ್ಳುತ್ತದೆ. 16 ಕಿ.ಮೀ. ದಾಟಲು 64 ಸೆಕೆಂಡು ಸಾಕು. ಹತ್ತು ನಿಮಿಷ ಸಿಕ್ಕವರು ಗುರುತು ಹಿಡಿದು, ಮೇಲಧಿಕಾರಿಯನ್ನು ಕೇಳಿ, ಗುರಿಯಿಟ್ಟು, ಕ್ಷಿಪಣಿ ಹಾರಿಸಬಹುದು. ಒಂದು ನಿಮಿಷದಲ್ಲಿ ಇವೆಲ್ಲ ಆಗಬೇಕೆಂದರೆ ಕಷ್ಟ. ಇನ್ನೊಂದು ಮಾತು: ರೇಡಾರ್ ಆವರಿಸುವ ನೆಲದ ವಿಸ್ತೀರ್ಣ ದೂರದ ವರ್ಗಕ್ಕೆ ಅನುಪಾತವಾದ್ದರಿಂದ, ದೂರ ಹತ್ತನೇ ಒಂದಾದಾಗ ವಿಸ್ತೀರ್ಣ ನೂರನೇ ಒಂದಾಗುತ್ತದೆ. ಗಡಿಯುದ್ದಕ್ಕೂ ಒಂದರ ಮೇಲೊಂದು ಹಾಸಿಕೊಂಡಿದ್ದ ರೇಡಾರ್ ವೃತ್ತಗಳು ಬಿಡಿಬಿಡಿ ಕೆರೆಗಳಂತಾಗಿ, ನಡುವೆ ಒಣನೆಲದ ದಾರಿ ತೆರೆದುಕೊಳ್ಳುತ್ತದೆ. ಸ್ಟೆಲ್ತ್ ವಿಮಾನದ ಚಾಲಕನಿಗೆ ಬೇಕಾದದ್ದು ಆ ದಾರಿ. ಕನ್ನಡದಲ್ಲಿ ಇದಕ್ಕೆ ‘ಕಳ್ಳಹೆಜ್ಜೆ’ ಎಂಬ ಒಳ್ಳೆಯ ಮಾತೇ ಇದೆ. ‘ಅದೃಶ್ಯ’ಕ್ಕಿಂತ ಅದು ವಿಜ್ಞಾನಕ್ಕೆ ಹತ್ತಿರ. ಕಳ್ಳಹೆಜ್ಜೆ ಇಡುವವನು ಮಾಯವಾಗಿರುವುದಿಲ್ಲ. ನಾಯಿ ಎಲ್ಲಿ ಕಟ್ಟಿದೆ ಎಂದು ಮೊದಲೇ ತಿಳಿದುಕೊಂಡಿರುತ್ತಾನೆ.

ಗೋಲಿಯ ಹೋಲಿಕೆ

ಎಫ್-22 ವಿಮಾನ ರೇಡಾರಿಗೆ ಲೋಹದ ಗೋಲಿಯಷ್ಟು, ಎಫ್-35 ಗಾಲ್ಫ್ ಚೆಂಡಿನಷ್ಟು ಕಾಣುತ್ತದೆ ಎಂಬ ಹೋಲಿಕೆ ಇಪ್ಪತ್ತು ವರ್ಷಗಳಿಂದ ಚಾಲ್ತಿಯಲ್ಲಿದೆ. ನಮ್ಮ ಲೇಖನಗಳೂ ಅದನ್ನು ಹಾಗೆಯೇ ಎತ್ತಿಕೊಂಡಿವೆ. ಈ ಹೋಲಿಕೆಯ ಮೇಲೆ ನನಗೆ ವಿಶೇಷವಾದ ತಕರಾರಿದೆ.

ತರಂಗಾಂತರಕ್ಕಿಂತ ಬಹಳ ದೊಡ್ಡದಾದ ಲೋಹದ ಗೋಳದ ಅಡ್ಡಕೊಯ್ತ ಅದರ ನೆರಳಿನ ವಿಸ್ತೀರ್ಣಕ್ಕೆ ಸಮ. ಒಂದೂವರೆ ಸೆಂ.ಮೀ. ವ್ಯಾಸದ ಗೋಲಿಗೆ ಇದು ಸುಮಾರು 1.8 ಚದರ ಸೆಂ.ಮೀ., ಅಂದರೆ ಒಂದು ಚದರ ಮೀಟರಿನ ಐದೂವರೆ ಸಾವಿರದಲ್ಲಿ ಒಂದು ಪಾಲು. ಗುರಿಯಿಡುವ ರೇಡಾರ್‌ಗಳಲ್ಲಿ ಹಲವು ಬಳಸುವ 3 ಸೆಂ.ಮೀ. ತರಂಗಾಂತರದ ಮುಂದೆ ಗೋಲಿಯೇನೂ ಬಹಳ ದೊಡ್ಡದಲ್ಲ, ಆದ್ದರಿಂದ ಈ ಲೆಕ್ಕ ಸ್ಥೂಲವಾದದ್ದು; ಹೋಲಿಕೆ ಕೊಡುವವರು ಅಷ್ಟು ಸೂಕ್ಷ್ಮಕ್ಕೆ ಹೋಗಿರಲಾರರು, ಇರಲಿ. ನೇರ ಎದುರಿನಿಂದ ನೋಡಿದಾಗ, 3 ಸೆಂ.ಮೀ.ನ ಆಸುಪಾಸಿನಲ್ಲಿ, ಹೋಲಿಕೆ ಸರಿಯೇ ಎಂದುಕೊಳ್ಳೋಣ. ಈಗ ರೇಡಾರಿನ ತರಂಗಾಂತರವನ್ನು 2 ಮೀಟರಿಗೆ ಏರಿಸಿ. ಗೋಲಿ ಈಗ ಅಲೆಯ ಮುಂದೆ ಧೂಳಿನ ಕಣ. ಆಕಾಶ ನೀಲಿಯಾಗಿರುವುದಕ್ಕೆ ಕಾರಣವಾದ ರ‍್ಯಾಲೇ ಚದರಿಕೆಯ ನಿಯಮ ಇಲ್ಲಿಯೂ ಅನ್ವಯಿಸುತ್ತದೆ: ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮ. ಲೆಕ್ಕ ಹಾಕಿದರೆ ಗೋಲಿಯ ಅಡ್ಡಕೊಯ್ತ ಅದರ ನೆರಳಿಗಿಂತ ಮೂರು ಲಕ್ಷ ಪಟ್ಟಿಗೂ ಮಿಕ್ಕಿ ಕಡಿಮೆ ಬರುತ್ತದೆ.

ವಿಮಾನಕ್ಕೆ ಆಗುವುದು ಇದಕ್ಕೆ ಪೂರ್ತಿ ವಿರುದ್ಧ. ಅದರ ಬಾಲದ ರೆಕ್ಕೆ, ರೆಕ್ಕೆಯ ತುದಿ ಮುಂತಾದ ಭಾಗಗಳ ಉದ್ದ ಒಂದೆರಡು ಮೀಟರ್. ಅಲೆಯ ಉದ್ದಕ್ಕೂ ಇವುಗಳ ಉದ್ದಕ್ಕೂ ಸಾಮ್ಯ ಬಂದಾಗ ಅನುರಣನ ಉಂಟಾಗಿ, ಆ ಭಾಗಗಳು ಆಂಟೆನಾಗಳಂತೆ ಅಲೆಯನ್ನು ಮರಳಿ ಸೂಸುತ್ತವೆ. ಮನೆಯ ಮಾಳಿಗೆಯ ಮೇಲಿರುತ್ತಿದ್ದ ಹಳೆಯ ದೂರದರ್ಶನದ ಆಂಟೆನಾ ನಿಮಗೆ ನೆನಪಿರಬಹುದು. ಅದರ ಕಡ್ಡಿಗಳ ಉದ್ದ ಅಲೆಯ ಅರ್ಧದಷ್ಟಿರುತ್ತಿದ್ದುದು ಇದೇ ಕಾರಣಕ್ಕೆ. ಎರಡು ಮೀಟರ್ ಅಲೆಯ ಎದುರು ಸರಿಯಾದ ದಿಕ್ಕಿನಲ್ಲಿ ಹಿಡಿದ ಸುಮಾರು ಒಂದು ಮೀಟರ್ ಉದ್ದದ ಬರಿಯ ಲೋಹದ ತಂತಿಗೆ ಮೂರು ಚದರ ಮೀಟರಿಗೂ ಹೆಚ್ಚಿನ ಅಡ್ಡಕೊಯ್ತವಿದೆ! ತರಂಗಾಂತರ ಹೆಚ್ಚಿದಂತೆ ಗೋಲಿ ಮಾಯವಾಗುತ್ತದೆ, ವಿಮಾನ ಪ್ರಕಟವಾಗುತ್ತದೆ. ಎರಡು ವಸ್ತುಗಳು ಒಂದು ಅಲೆಗೆ ಒಂದೇ ರೀತಿ ಕಂಡ ಮಾತ್ರಕ್ಕೆ ಎಲ್ಲ ಅಲೆಗಳಿಗೂ ಹಾಗೆಯೇ ಕಾಣುತ್ತವೆ ಎಂದು ಓದುಗರು ತಿಳಿಯುವಂತೆ ಬರೆಯುವುದು ಸರಿಯಲ್ಲ.

ದಿಕ್ಕಿನ ಮಾತೂ ಅಷ್ಟೇ ಮುಖ್ಯ. ನಮ್ಮ ಎಂ.ಎಸ್ಸಿ. ಪ್ರಯೋಗಶಾಲೆಯಲ್ಲಿ 3 ಸೆಂ.ಮೀ. ಅಲೆಗಳ ಹಳೆಯ ಮೈಕ್ರೋವೇವ್ ಬೆಂಚ್ ಒಂದಿದೆ. ಅದರ ಕ್ಲೈಸ್ಟ್ರಾನ್ ಕಾದು ಸ್ಥಿರವಾಗುವವರೆಗೆ ಕಾಲು ಗಂಟೆ ಕಾಯಬೇಕು. ಕೊಂಬಿನಾಕಾರದ ಆಂಟೆನಾದ ಎದುರು ಅಲ್ಯುಮಿನಿಯಂ ತಗಡನ್ನು ನೇರವಾಗಿ ನಿಲ್ಲಿಸಿದಾಗ ಸಂಸೂಚಕದ ಮುಳ್ಳು ಕೊನೆಮುಟ್ಟುತ್ತದೆ. ತಗಡನ್ನು ಕೆಲವೇ ಡಿಗ್ರಿ ತಿರುಗಿಸಿದರೆ ಸಾಕು, ಮುಳ್ಳು ಸೊನ್ನೆಯತ್ತ ಬೀಳುತ್ತದೆ. ತಗಡು ಎಲ್ಲಿಯೂ ಹೋಗಿಲ್ಲ, ಅಲೆ ಬೇರೆ ಕಡೆಗೆ ಹೋಗಿದೆ. ಅದಷ್ಟನ್ನು ನೋಡಿದ ವಿದ್ಯಾರ್ಥಿಗಳಿಗೆ ಸ್ಟೆಲ್ತ್‌ನ ಮುಕ್ಕಾಲು ಪಾಲು ತಿಳಿದಂತೆ. ಲೆಕ್ಕದಲ್ಲಿ ಹೇಳುವುದಾದರೆ, 3 ಸೆಂ.ಮೀ. ಅಲೆಗೆ ಒಂದು ಮೀಟರ್ ಬದಿಯ ಚೌಕ ತಗಡಿನ ಅಡ್ಡಕೊಯ್ತ ನೇರ ಎದುರಿನಿಂದ ಸುಮಾರು 14,000 ಚದರ ಮೀಟರ್. ಒಂದು ಡಿಗ್ರಿಗಿಂತ ಕಡಿಮೆ ತಿರುಗಿಸಿದಾಗಲೇ ಅದು ಮೊದಲ ಸೊನ್ನೆಗೆ ಇಳಿಯುತ್ತದೆ. ಅಲೆ 2 ಮೀಟರ್ ಆದಾಗ ಈ ಚೂಪು ಉಳಿಯುವುದಿಲ್ಲ. ತಗಡು ಎತ್ತ ತಿರುಗಿದರೂ ಅಲೆ ಸುತ್ತಮುತ್ತ ಅಗಲವಾಗಿ ಹರಡಿಕೊಳ್ಳುತ್ತದೆ.

ತಗಡನ್ನು ತಿರುಗಿಸಿದ ಮೇಲೂ ಸಂಸೂಚಕದಲ್ಲಿ ಒಂದಿಷ್ಟು ಉಳಿಯುತ್ತದೆ. ಅದು ಅಂಚುಗಳಿಂದ ಬರುವ ವಿವರ್ತನೆಯ ಪಾಲು. ಬೆಳಕಿಗೆ ಅಡ್ಡ ಹಿಡಿದ ಬ್ಲೇಡಿನ ಅಂಚು ನೆರಳಿನ ಕಡೆಯಿಂದ ನೋಡಿದಾಗ ಗೆರೆಯಾಗಿ ಹೊಳೆಯುವುದು ಇದರಿಂದಲೇ. 1896ರಲ್ಲಿ ಸಾಮರ್‌ಫೆಲ್ಡ್ ಇದಕ್ಕೆ ನಿಖರವಾದ ಗಣಿತ ಕೊಟ್ಟರು, ಒಂದೇ ನೇರ ಅಂಚಿಗೆ. ಸಂಕೀರ್ಣ ಆಕಾರಗಳ ಅಂಚುಗಳಿಂದ ಎಷ್ಟು ಅಲೆ ಮರಳುತ್ತದೆ ಎಂದು ಲೆಕ್ಕಹಾಕುವ ವಿಧಾನವನ್ನು ಸೋವಿಯತ್ ಭೌತವಿಜ್ಞಾನಿ ಪ್ಯೋತರ್ ಉಫಿಮ್‌ತ್ಸೆವ್ 1962ರಲ್ಲಿ ಮಾಸ್ಕೋದಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದು ಗುಟ್ಟಿನ ಪುಸ್ತಕವಾಗಿರಲಿಲ್ಲ. 1971ರಲ್ಲಿ ಅಮೆರಿಕದ ವಾಯುಪಡೆ ಅದನ್ನು ಇಂಗ್ಲಿಷಿಗೆ ಅನುವಾದಿಸಿತು. ಲಾಕ್‌ಹೀಡ್ ಸಂಸ್ಥೆಯ ಡೆನಿಸ್ ಓವರ್‌ಹೋಲ್ಸರ್ ಅದರ ಬೆಲೆಯನ್ನು ಗುರುತಿಸಿ ಕಂಪ್ಯೂಟರ್ ಪ್ರೋಗ್ರಾಮಿಗೆ ಅಳವಡಿಸಿಕೊಂಡರು. ಆ ಕಾಲದ ಕಂಪ್ಯೂಟರ್‌ಗಳಿಗೆ ಬಾಗಿದ ಮೈಗಳ ಲೆಕ್ಕ ನಿಲುಕುತ್ತಿರಲಿಲ್ಲವಾದ್ದರಿಂದ ವಿಮಾನವನ್ನು ಚಪ್ಪಟೆ ಫಲಕಗಳಿಂದಲೇ ಕಟ್ಟಬೇಕಾಯಿತು. 1981ರಲ್ಲಿ ಮೊದಲು ಹಾರಿದ ಎಫ್-117 ವಿಮಾನ ಪಟ್ಟಿ ಹಿಡಿದ ವಜ್ರದಂತೆ ಕಾಣುವುದಕ್ಕೆ ವಾಯುಚಲನ ವಿಜ್ಞಾನ ಕಾರಣವಲ್ಲ, ಕಂಪ್ಯೂಟರಿನ ಇತಿಮಿತಿ ಕಾರಣ.

ಆಕಾರ ಉಳಿಸಿದ್ದನ್ನು ಹೀರಿಕೆಯ ಲೇಪಗಳು ನುಂಗುತ್ತವೆ. ಲೇಪದ ಮೇಲ್ಮೈಯಿಂದ ಮತ್ತು ತಳದಿಂದ ಪುಟಿದ ಅಲೆಗಳು ಒಂದನ್ನೊಂದು ಅಳಿಸಬೇಕಾದರೆ ಸರಳ ಲೇಪಕ್ಕೆ ಕಾಲು ತರಂಗಾಂತರದಷ್ಟು ದಪ್ಪ ಬೇಕು. 3 ಸೆಂ.ಮೀ. ಅಲೆಗೆ ಅದು ಏಳೂವರೆ ಮಿಲಿಮೀಟರ್, 2 ಮೀಟರ್ ಅಲೆಗೆ ಅರ್ಧ ಮೀಟರ್! ವಕ್ರೀಭವನಾಂಕ ಹೆಚ್ಚಿರುವ ವಸ್ತುಗಳಿಂದ, ಕಾಂತೀಯ ಕಣಗಳಿಂದ ದಪ್ಪವನ್ನು ಕಡಿಮೆ ಮಾಡಬಹುದು. ಆದರೆ ಅದಕ್ಕೂ ಮಿತಿಯಿದೆ. ರಷ್ಯದ ಕಾನ್‌ಸ್ತಾಂತಿನ್ ರೋಝನೊವ್ 2000ದಲ್ಲಿ ತೋರಿಸಿದ ಪ್ರಕಾರ, ಇಂತಿಷ್ಟು ದಪ್ಪದ ಲೇಪ ಎಷ್ಟು ಅಗಲದ ತರಂಗಪಟ್ಟಿಯನ್ನು ಎಷ್ಟರ ಮಟ್ಟಿಗೆ ಹೀರಬಲ್ಲದು ಎಂಬುದಕ್ಕೆ ದಾಟಲಾಗದ ಮೇಲ್ಮಿತಿಯೊಂದಿದೆ. ಒಳಗೆ ಎಷ್ಟು ಪದರಗಳನ್ನು ಹೇಗೆ ಜೋಡಿಸಿದರೂ ಈ ಮಿತಿ ತಪ್ಪಿದ್ದಲ್ಲ. ಕಾಗದದಷ್ಟು ತೆಳುವಾದ ಹೊಸ ಮೆಟಾವಸ್ತು ಎಲ್ಲ ರೇಡಾರ್ ಅಲೆಗಳನ್ನೂ ಹೀರಿಬಿಡುತ್ತದೆ ಎಂಬ ಸುದ್ದಿ ಆಗಾಗ ಬರುತ್ತಿರುತ್ತದೆ. ಅಂಥದ್ದನ್ನು ಓದಿದಾಗ ‘ದಪ್ಪವೆಷ್ಟು, ಪಟ್ಟಿಯ ಅಗಲವೆಷ್ಟು’ ಎಂದು ಕೇಳಿ.

1999, ಬುಜಾನೊವ್ತ್ಸಿ

1999ರ ಮಾರ್ಚ್ 27ರ ರಾತ್ರಿ ಸರ್ಬಿಯದ ಬುಜಾನೊವ್ತ್ಸಿ ಎಂಬ ಹಳ್ಳಿಯ ಬಳಿ ಒಂದು ಎಫ್-117 ನೆಲಕ್ಕುರುಳಿತು. ಯುದ್ಧದಲ್ಲಿ ಕಳೆದುಹೋದ ಎಫ್-117 ಅದೊಂದೇ. ಚಾಲಕ ಹೊರಜಿಗಿದು ಬದುಕಿಕೊಂಡ. ಅದನ್ನು ಉರುಳಿಸಿದ್ದು ಝೋಲ್ತಾನ್ ದಾನಿ ಎಂಬ ಅಧಿಕಾರಿಯ ತಂಡ; ಬಳಸಿದ್ದು 1960ರ ದಶಕದ ಎಸ್-125 ಕ್ಷಿಪಣಿ. ಇದೇ ಕ್ಷಿಪಣಿ ‘ಪೆಚೋರಾ’ ಎಂಬ ಹೆಸರಿನಲ್ಲಿ ನಮ್ಮ ವಾಯುಪಡೆಯಲ್ಲೂ ದಶಕಗಳಿಂದ ಇದೆ. ಸ್ಟೆಲ್ತ್ ಬುರುಡೆ ಎನ್ನುವವರಿಗೆ ಇದು ಅಚ್ಚುಮೆಚ್ಚಿನ ಉದಾಹರಣೆ. ಆದರೆ ಆ ರಾತ್ರಿ ನಡೆದದ್ದನ್ನು ತರಂಗಾಂತರಗಳ ಲೆಕ್ಕದಲ್ಲಿ ಓದಿ ನೋಡಿ.

ವಿಮಾನವನ್ನು ಮೊದಲು ಕಂಡದ್ದು ಪಿ-18 ಎಂಬ ಹಳೆಯ ರೇಡಾರ್. ಅದರ ತರಂಗಾಂತರ ಸುಮಾರು 2 ಮೀಟರ್. ಅಂದರೆ ಮೇಲೆ ಹೇಳಿದ ಅನುರಣನದ ಪಟ್ಟಿ. ಹಾಗಾದರೆ ಎಲ್ಲರೂ ಅಂಥ ರೇಡಾರನ್ನೇ ಬಳಸಬಾರದೇಕೆ? ಕಿರಣಪುಂಜದ ಕೋನ ತರಂಗಾಂತರವನ್ನು ಆಂಟೆನಾದ ಅಗಲದಿಂದ ಭಾಗಿಸಿದಷ್ಟು. ಹತ್ತು ಮೀಟರ್ ಅಗಲದ ಆಂಟೆನಾ ಇಟ್ಟುಕೊಂಡರೂ 2 ಮೀಟರ್ ಅಲೆಗೆ ಅದು ಹನ್ನೊಂದು ಡಿಗ್ರಿಗೂ ಹೆಚ್ಚು, 50 ಕಿ.ಮೀ. ದೂರದಲ್ಲಿ ಪುಂಜ ಹತ್ತು ಕಿ.ಮೀ. ಅಗಲವಾಗಿರುತ್ತದೆ. ‘ಆ ಕಡೆ ಎಲ್ಲೋ ಒಂದಿದೆ’ ಎಂದು ಹೇಳಬಲ್ಲುದೇ ಹೊರತು ಕ್ಷಿಪಣಿಗೆ ದಾರಿ ತೋರಿಸಲಾರದು. ಆ ಕೆಲಸಕ್ಕೆ ಎಸ್-125ರ ಗುರಿಯಿಡುವ ರೇಡಾರ್ ಬೇರೆಯೇ ಇದೆ, ಅದು ಕೆಲಸಮಾಡುವುದು 3 ಸೆಂ.ಮೀ. ಆಸುಪಾಸಿನಲ್ಲಿ. ಅದನ್ನು ಹೆಚ್ಚು ಹೊತ್ತು ಚಾಲೂ ಇಟ್ಟರೆ ಅದರ ಅಲೆಯನ್ನೇ ಹಿಡಿದು ಬರುವ ಶತ್ರು ಕ್ಷಿಪಣಿಗೆ ಬಲಿಯಾಗಬೇಕಾಗುತ್ತದೆ. ಆದ್ದರಿಂದ ದಾನಿಯವರ ತಂಡ ಅದನ್ನು ಕೆಲವೇ ಸೆಕೆಂಡುಗಳಷ್ಟು ಕಾಲ ಹಚ್ಚಿ ಆರಿಸುತ್ತಿತ್ತು, ಜಾಗ ಬದಲಿಸುತ್ತಲೇ ಇತ್ತು. ಪಿ-18 ಎತ್ತ ನೋಡಬೇಕೆಂದು ಹೇಳಿತು. ಗುರಿಯಿಡುವ ರೇಡಾರಿಗೆ ವಿಮಾನ ಸಿಕ್ಕಿದ್ದು ಹದಿನೈದು ಕಿ.ಮೀ.ಗಿಂತ ಹತ್ತಿರದಲ್ಲಿ. ಮಾಮೂಲಿ ವಿಮಾನವಾಗಿದ್ದರೆ ಅದೇ ರೇಡಾರಿಗೆ ಹಲವು ಪಟ್ಟು ದೂರದಲ್ಲೇ ಸಿಗುತ್ತಿತ್ತು.

ಈ ಘಟನೆ ಸ್ಟೆಲ್ತ್ ಸಿದ್ಧಾಂತವನ್ನು ಅಲ್ಲಗಳೆಯುವುದಿಲ್ಲ. ಮೇಲಿನ ಲೆಕ್ಕಕ್ಕೆ ಅದು ಚೆನ್ನಾಗಿಯೇ ಹೊಂದುತ್ತದೆ. ಪತ್ತೆಯ ದೂರ ಕುಗ್ಗಿತ್ತು, ಆದರೆ ಸೊನ್ನೆಯಾಗಿರಲಿಲ್ಲ. ಉಳಿದ ಆ ಹತ್ತಾರು ಕಿ.ಮೀ.ಗಳಲ್ಲಿ ಎದುರಾಳಿ ಕಾದು ಕೂತಿದ್ದ. ವಿಮಾನಗಳು ಹೆಚ್ಚುಕಡಿಮೆ ಒಂದೇ ದಾರಿಯಲ್ಲಿ ಬರುತ್ತಿದ್ದವು ಎಂದೂ ಆಮೇಲಿನ ವಿವರಣೆಗಳು ಹೇಳುತ್ತವೆ. ಕಳ್ಳ ದಿನವೂ ಒಂದೇ ಹಿತ್ತಿಲ ಬಾಗಿಲಿನಿಂದ ಬಂದರೆ ಏನಾಗುತ್ತದೋ ಅದೇ ಆಯಿತು.

ಗೆಲುವಿನ ಲೆಕ್ಕಪತ್ರ

ಸೋಲನ್ನು ಹೀಗೆ ಬಿಡಿಸಿ ನೋಡಿದ ಮೇಲೆ ಗೆಲುವನ್ನೂ ನೋಡಬೇಕು. 1991ರ ಕೊಲ್ಲಿ ಯುದ್ಧದಲ್ಲಿ ಎಫ್-117ಗಳು ಸುಮಾರು 1,300 ಬಾರಿ ಹಾರಿ ಒಂದೂ ನಷ್ಟವಾಗದೆ ಮರಳಿದವು. ಅವು ಹಾಕಿದ ಬಾಂಬುಗಳಲ್ಲಿ ಶೇ. 80 ಗುರಿಮುಟ್ಟಿದವು ಎಂದು ಸೇನೆ ಹೇಳಿಕೊಂಡಿತು. ಅಮೆರಿಕದ ಸಂಸತ್ತಿಗೆ ಲೆಕ್ಕ ಒಪ್ಪಿಸುವ ಲೆಕ್ಕಪರಿಶೋಧನಾ ಕಚೇರಿ 1997ರಲ್ಲಿ ದಾಖಲೆಗಳನ್ನು ಜಾಲಾಡಿ, ಆ ಅಂಕಿ 41ರಿಂದ 60ರೊಳಗೆ ಇರಬೇಕೆಂದು ವರದಿ ಮಾಡಿತು. ಇನ್ನೂ ಮುಖ್ಯವಾದ ಮಾತನ್ನು ಆ ವರದಿ ಎತ್ತಿತ್ತು: ಎಫ್-117ಗಳು ಹಾರಿದ್ದು ರಾತ್ರಿ ಮಾತ್ರ, ನೆಲಕ್ಕೆ ತೀರ ಹತ್ತಿರ ಬಾರದ ಎತ್ತರದಲ್ಲಿ. ಬೇರೆ ವಿಮಾನಗಳು ಹೆಚ್ಚಾಗಿ ಪೆಟ್ಟು ತಿಂದ ಹಗಲಿನ ಮತ್ತು ಕೆಳಮಟ್ಟದ ಹಾರಾಟದ ಅಪಾಯವನ್ನು ಅವು ಎದುರಿಸಲೇ ಇಲ್ಲ. ಅಂದಮೇಲೆ ಅವು ಸುರಕ್ಷಿತವಾಗಿ ಮರಳಿದ್ದರಲ್ಲಿ ಸ್ಟೆಲ್ತ್‌ನ ಪಾಲೆಷ್ಟು, ಕತ್ತಲಿನ ಪಾಲೆಷ್ಟು? ಯಾವ ಪ್ರಯೋಗಶಾಲೆಯಲ್ಲೂ ಮೊದಲು ಕೇಳುವ ಪ್ರಶ್ನೆ ಇದು: ಒಂದನ್ನು ಬದಲಿಸುವಾಗ ಉಳಿದವನ್ನು ಸ್ಥಿರವಾಗಿ ಇಟ್ಟಿದ್ದೀರಾ? ಯುದ್ಧದಲ್ಲಿ ಹಾಗೆ ಇಡಲಾಗುವುದಿಲ್ಲ ನಿಜ, ಆದರೆ ಫಲಿತಾಂಶ ಹೇಳುವಾಗ ಅದನ್ನು ಮರೆಯುವಂತಿಲ್ಲ.

2025ರ ಜೂನ್ 22ರಂದು ಏಳು ಬಿ-2 ಬಾಂಬರ್‌ಗಳು ಇರಾನಿನ ಪರಮಾಣು ನೆಲೆಗಳ ಮೇಲೆ 13 ಟನ್ನಿಗೂ ಹೆಚ್ಚು ತೂಕದ 14 ಬಾಂಬುಗಳನ್ನು ಹಾಕಿ ಮರಳಿದವು. ಅವುಗಳ ಮೇಲೆ ಒಂದು ಗುಂಡೂ ಹಾರಲಿಲ್ಲ ಎಂದು ಅಮೆರಿಕ ಹೇಳಿತು. ಇದರಿಂದ ಬಿ-2ರ ಸ್ಟೆಲ್ತ್ ಮತ್ತೆ ಸಾಬೀತಾಯಿತು ಎಂದು ಬರೆದವರು ಬಹಳ. ಬಾಲವೇ ಇಲ್ಲದ, 52 ಮೀಟರ್ ಅಗಲದ ಬರಿಯ ರೆಕ್ಕೆಯಾದ ಬಿ-2, ಉದ್ದದ ಅಲೆಗಳ ವಿಚಾರದಲ್ಲಿ ಬಾಲವಿರುವ ಯುದ್ಧವಿಮಾನಗಳಿಗಿಂತ ಮೇಲು ಎಂಬುದನ್ನು ಭೌತವಿಜ್ಞಾನ ಒಪ್ಪುತ್ತದೆ. ಅನುರಣಿಸುವ ಚಿಕ್ಕ ಭಾಗಗಳೇ ಅದರಲ್ಲಿ ಕಡಿಮೆ. ಆದರೆ ಆ ಕಾರ್ಯಾಚರಣೆಯಲ್ಲಿ ಒಟ್ಟು 125ಕ್ಕೂ ಹೆಚ್ಚು ವಿಮಾನಗಳಿದ್ದವು, ದಾರಿತಪ್ಪಿಸಲು ಬೇರೆ ದಿಕ್ಕಿಗೆ ಹಾರಿದ ಬಾಂಬರ್‌ಗಳೂ ಇದ್ದವು, ಜೂನ್ 13ರಿಂದ ಇಸ್ರೇಲ್ ನಡೆಸಿದ ದಾಳಿಗಳಲ್ಲಿ ಇರಾನಿನ ವಾಯುರಕ್ಷಣೆ ಆಗಲೇ ಜರ್ಜರಿತವಾಗಿತ್ತು. ನಾಯಿಯನ್ನು ಮೊದಲೇ ಕೊಂದ ಮನೆಯಲ್ಲಿ ಕಳ್ಳಹೆಜ್ಜೆಯ ಪರೀಕ್ಷೆ ಆಗುವುದಿಲ್ಲ. ಹಾಗೆ ನೋಡಿದರೆ ಎಫ್-22 ಆಕಾಶದಲ್ಲಿ ಹೊಡೆದುರುಳಿಸಿದ ಮೊದಲ ಗುರಿ, 2023ರ ಫೆಬ್ರವರಿಯಲ್ಲಿ, ಒಂದು ಬಲೂನು!

ರೇಡಾರ್ ಬಿಟ್ಟರೆ ಶಾಖ. ಎಂಜಿನ್ನಿನ ಬಿಸಿ ಅನಿಲ, ಗಾಳಿಯ ಉಜ್ಜಾಟಕ್ಕೆ ಕಾದ ಮೈ, ಎರಡೂ ಅವಕೆಂಪು ಕಿರಣಗಳನ್ನು ಸೂಸುತ್ತವೆ. 3ರಿಂದ 5 ಮತ್ತು 8ರಿಂದ 14 ಮೈಕ್ರೋಮೀಟರ್ ಪಟ್ಟಿಗಳಲ್ಲಿ ವಾತಾವರಣ ಪಾರದರ್ಶಕವಾದ್ದರಿಂದ ಈಚಿನ ಯುದ್ಧವಿಮಾನಗಳು ಅಲ್ಲಿ ಹುಡುಕುವ ಸಂವೇದಕಗಳನ್ನು ಹೊತ್ತಿರುತ್ತವೆ. ಇಲ್ಲಿ ಅಲೆ ಒಂದೇ ದಿಕ್ಕಿಗೆ ಚಲಿಸುವುದರಿಂದ ನಾಲ್ಕನೆಯ ಘಾತದ ರಿಯಾಯಿತಿಯೂ ಇಲ್ಲ, ವರ್ಗದ ನಿಯಮವೇ. ಮೋಡವೊಂದು ಅಡ್ಡ ಬಂದರೆ ಮಾತ್ರ ಸಂವೇದಕ ಕುರುಡು.

ಎದುರಾಳಿಗಳೂ ಸುಮ್ಮನಿಲ್ಲ. ಉದ್ದನೆಯ ಅಲೆಗಳ ರೇಡಾರನ್ನು ಇತರ ತರಂಗಪಟ್ಟಿಗಳ ರೇಡಾರ್‌ಗಳ ಜೊತೆ ಪೋಣಿಸಿದ ರಷ್ಯದ ನೆಬೊ-ಎಂ, ಉದ್ದನೆಯ ಅಲೆಗಳಲ್ಲೇ ಕೆಲಸಮಾಡುವ ಚೀನದ ಜೆವೈ-27ಎ ಮುಂತಾದವು ಪಿ-18ರ ಮೊಮ್ಮಕ್ಕಳು. ಅವುಗಳನ್ನು ಮಾರುವವರ ಕರಪತ್ರಗಳನ್ನೂ ನಾವು ವಿಮಾನ ಮಾರುವವರ ಕರಪತ್ರಗಳಷ್ಟೇ ಅನುಮಾನದಿಂದ ಓದಬೇಕು. ಕಿರಣಪುಂಜದ ಅಗಲ ತರಂಗಾಂತರಕ್ಕೆ ಅನುಪಾತ ಎಂಬ ನಿಯಮ ಮಾಸ್ಕೋದಲ್ಲಾಗಲಿ ಬೀಜಿಂಗಿನಲ್ಲಾಗಲಿ ಬದಲಾಗಿಲ್ಲ.

ಬೆಂಗಳೂರಿನ ವಿಮಾನ

ಇಷ್ಟೆಲ್ಲ ನಮಗೇಕೆ ಎಂದರೆ, ಇಂಥದೇ ಒಂದು ವಿಮಾನ ಈಗ ನಮ್ಮಲ್ಲೇ ರೂಪುಗೊಳ್ಳುತ್ತಿದೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯ ‘ಆಮ್ಕಾ’ ಯೋಜನೆಗೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಸುಮಾರು 15,000 ಕೋಟಿ ರೂಪಾಯಿ ವೆಚ್ಚದ ಒಪ್ಪಿಗೆ ಕೊಟ್ಟಿದೆ. ಎರಡು ಎಂಜಿನ್ನುಗಳ, ಸುಮಾರು 25 ಟನ್ ತೂಕದ, ಆಯುಧಗಳನ್ನು ಹೊಟ್ಟೆಯೊಳಗೇ ಇಟ್ಟುಕೊಳ್ಳುವ, ಬಾಲವಿರುವ ವಿಮಾನ. ಹಣ ನಮ್ಮ ನಿಮ್ಮದು. ಆದ್ದರಿಂದ ‘ಅದೃಶ್ಯ’ ಎಂಬ ಒಂದೇ ಪದದಲ್ಲಿ ಅದನ್ನು ನಮಗೆ ವಿವರಿಸಿ ಮುಗಿಸುವುದನ್ನು ನಾನು ಒಪ್ಪಲಾರೆ.

ಯೋಜನೆ ಬೇಡವೆಂಬುದು ನನ್ನ ಅಭಿಪ್ರಾಯವಲ್ಲ. ಒಂದು ನಿಮಿಷ ಮತ್ತು ಹತ್ತು ನಿಮಿಷದ ಅಂತರವನ್ನು ಮೇಲೆ ನೋಡಿದೆವು. ಆ ಅಂತರಕ್ಕೆ ಬೆಲೆ ಕೊಡಬೇಕಾಗುತ್ತದೆ. ಆದರೆ ಬೆಲೆ ವಿಮಾನ ಕಟ್ಟುವಲ್ಲಿಗೆ ನಿಲ್ಲುವುದಿಲ್ಲ. ಆಯುಧ ಒಳಗಿಡುವುದರಿಂದ ಹೊರುವ ಶಕ್ತಿ ಕಡಿಮೆ. ಎಫ್-117 ಹೊರುತ್ತಿದ್ದುದು ಎರಡೇ ಬಾಂಬು. ಆಯುಧ ಹೊರಗೆ ತೂಗುಹಾಕಿದ ಕ್ಷಣ ಅಡ್ಡಕೊಯ್ತದ ಲೆಕ್ಕವೆಲ್ಲ ತಲೆಕೆಳಗು. ಲೇಪದಲ್ಲಿ ಬಿರುಕು, ಫಲಕಗಳ ನಡುವೆ ಸಂದು, ತಲೆಯೆತ್ತಿದ ತಿರುಪು, ಇವೆಲ್ಲ ಅಲೆಗೆ ಅಂಚುಗಳೇ. ಹಾರಿ ಬಂದಾಗಲೆಲ್ಲ ಅವನ್ನು ತಡಕಿ ಸರಿಪಡಿಸಬೇಕು. ಅಮೆರಿಕದಂಥ ಶ್ರೀಮಂತ ವಾಯುಪಡೆಯಲ್ಲೂ 2023ರ ಮಾರ್ಚ್‌ನಲ್ಲಿ ಎಫ್-35ಗಳು ಕರ್ತವ್ಯಕ್ಕೆ ಸಿದ್ಧವಾಗಿದ್ದ ಪ್ರಮಾಣ ಸುಮಾರು ಶೇ. 55 ಎಂದು ಮೇಲೆ ಹೇಳಿದ ಅದೇ ಲೆಕ್ಕಪರಿಶೋಧನಾ ಕಚೇರಿ ವರದಿ ಮಾಡಿತು. ಇದಕ್ಕೆ ಬಿಡಿಭಾಗ, ದುರಸ್ತಿ ವ್ಯವಸ್ಥೆ ಮುಂತಾದ ಹಲವು ಕಾರಣಗಳಿವೆ, ಎಲ್ಲವನ್ನೂ ಸ್ಟೆಲ್ತ್‌ನ ತಲೆಗೆ ಕಟ್ಟುವಂತಿಲ್ಲ. ನಮ್ಮ ಕರಾವಳಿಯ ಉಪ್ಪುಗಾಳಿ, ರಾಜಸ್ಥಾನದ ಮರಳು, ಮುಂಗಾರಿನ ತೇವ ಇವುಗಳಲ್ಲಿ ಲೇಪ ಎಷ್ಟು ದಿನ ಬಾಳುತ್ತದೆ ಎಂಬುದು ಎಂಜಿನಿಯರುಗಳು ಉತ್ತರಿಸಬೇಕಾದ ಪ್ರಶ್ನೆ.

ಅಡ್ಡಕೊಯ್ತದ ನಿಜವಾದ ಅಂಕಿಗಳನ್ನು ಯಾರೂ ಬಹಿರಂಗಪಡಿಸುವುದಿಲ್ಲ, ಪಡಿಸಲೂಬಾರದು. ಆದರೆ ಯಾವ ತರಂಗಪಟ್ಟಿಗಾಗಿ ವಿಮಾನವನ್ನು ರೂಪಿಸಲಾಗಿದೆ, ಒಳಗೆ ಎಷ್ಟು ಆಯುಧ ಹಿಡಿಸುತ್ತದೆ, ಒಂದು ಗಂಟೆ ಹಾರಲು ಎಷ್ಟು ಗಂಟೆ ದುರಸ್ತಿ ಅಂದಾಜಿಸಲಾಗಿದೆ, ಜೊತೆಯಲ್ಲಿ ಹೋಗಬೇಕಾದ ರೇಡಾರ್ ಗೊಂದಲಗೊಳಿಸುವ ವಿಮಾನಗಳು ನಮ್ಮಲ್ಲಿ ಎಷ್ಟಿವೆ ಎಂದು ಕೇಳಲು ಯಾವ ಗುಟ್ಟೂ ಅಡ್ಡಿಬಾರದು. ಇನ್ನೊಂದು ಕಡೆ, ಬೆಂಗಳೂರಿನಲ್ಲೇ ತಯಾರಾದ ಉದ್ದ ಅಲೆಯ ರೇಡಾರ್ ಒಂದು ನಮ್ಮ ವಾಯುಪಡೆಗೆ ಸಿಕ್ಕಿದೆ ಎಂದು 2025ರಲ್ಲಿ ವರದಿಯಾಗಿತ್ತು. ಒಂದೇ ಊರಿನ ಒಂದು ಬದಿಯಲ್ಲಿ ಬಚ್ಚಿಟ್ಟುಕೊಳ್ಳುವ ವಿಮಾನ, ಇನ್ನೊಂದು ಬದಿಯಲ್ಲಿ ಅಂಥದ್ದನ್ನು ಹುಡುಕುವ ರೇಡಾರ್. ಇವೆರಡನ್ನೂ ಎದುರುಬದುರು ನಿಲ್ಲಿಸಿ ಪರೀಕ್ಷಿಸುವ ಅನುಕೂಲ ಎಷ್ಟು ದೇಶಗಳಿಗಿದೆ? ಯಲಹಂಕದ ಮುಂದಿನ ಪ್ರದರ್ಶನಕ್ಕೆ ನೀವು ಹೋದರೆ, ಮಳಿಗೆಯಲ್ಲಿ ನಿಂತವರನ್ನು ಆ ಪರೀಕ್ಷೆಯ ಬಗ್ಗೆ ಕೇಳಿ ನೋಡಿ. ನನ್ನ ವಿದ್ಯಾರ್ಥಿಯಂತೂ ಕೇಳಿಯೇ ಕೇಳುತ್ತೇನೆ ಎಂದಿದ್ದಾನೆ.